ಪಾವ್ಲೋವ್ ನಾಯಿಗೆ ಗಂಟೆ ಬಾರಿಸಿದ್ದು ನಿಜವೇ? ನಾಯಿ ಸಾಕುವವರು ತಿಳಿಯಬೇಕಾದ ವಿಜ್ಞಾನಿಯ ಕಥೆ

ಗಂಟೆ ಬಾರಿಸಿದರೆ ಸಾಕು, ನಾಯಿ ಜೊಲ್ಲು ಸುರಿಸುತ್ತದೆ. ಇವಾನ್ ಪಾವ್ಲೋವ್ ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಇಷ್ಟೇ. ಆದರೆ ಅವರು ಗಂಟೆ ಬಳಸಿದ್ದು ಅಪರೂಪಕ್ಕೆ. ಟಿಕ್ ಟಿಕ್ ಎನ್ನುವ ಮೆಟ್ರೊನೋಮ್, ಬಜರ್, ದೀಪದ ಬೆಳಕು ಇವೇ ಹೆಚ್ಚು. ಅವರು ಮನಃಶಾಸ್ತ್ರಜ್ಞರೂ ಆಗಿರಲಿಲ್ಲ. ಹಾಗಾದರೆ ಯಾರಿವರು?

ಪಾದ್ರಿಯ ಮಗ, ಜೀರ್ಣಕ್ರಿಯೆಯ ವಿಜ್ಞಾನಿ

ಪಾವ್ಲೋವ್ ಹುಟ್ಟಿದ್ದು 1849ರಲ್ಲಿ, ರಷ್ಯಾದ ರಿಯಾಜಾನ್‌ನಲ್ಲಿ. ತಂದೆ ಪಾದ್ರಿ. ಮಗನೂ ಧಾರ್ಮಿಕ ಶಾಲೆಯಲ್ಲೇ ಓದುತ್ತಿದ್ದರು. ವಿಜ್ಞಾನದ ಸೆಳೆತ ಹೆಚ್ಚಾಗಿ, ಅದನ್ನು ಬಿಟ್ಟು 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯ ಸೇರಿದರು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ರಷ್ಯಾಕ್ಕೆ ಅದೇ ಮೊದಲ ನೊಬೆಲ್.

ಈ ಕೆಲಸಕ್ಕೆ ಬಳಕೆಯಾದದ್ದು ನಾಯಿಗಳು. ಶಸ್ತ್ರಚಿಕಿತ್ಸೆ ಮಾಡಿ, ಜೊಲ್ಲು ಹೊರಗಿನ ಕೊಳವೆಗೆ ಬರುವಂತೆ ಮಾಡಿ ಅಳೆಯುತ್ತಿದ್ದರು. ಇಂದು ಓದಿದರೆ ನಮಗೆ ಕಸಿವಿಸಿಯಾಗುವುದು ಸಹಜ.

ಊಟಕ್ಕೆ ಮೊದಲೇ ಜೊಲ್ಲು

ಅಲ್ಲೊಂದು ವಿಚಿತ್ರ ಕಂಡಿತು. ಊಟ ಬಾಯಿಗೆ ಬೀಳುವ ಮೊದಲೇ, ಊಟ ತರುವವನ ಹೆಜ್ಜೆ ಸಪ್ಪಳಕ್ಕೇ ಜೊಲ್ಲು ಬರುತ್ತಿತ್ತು. ಪಾವ್ಲೋವ್ ಉಳಿದ ಜೀವನವನ್ನೆಲ್ಲ ಇದರ ಹಿಂದೆ ಕಳೆದರು. ಒಂದು ಸದ್ದು, ಅದರ ಬೆನ್ನಿಗೇ ಊಟ. ಹೀಗೆ ಹಲವು ಸಲ ಆದರೆ ಆ ಸದ್ದೇ ಊಟದ ಸೂಚನೆಯಾಗುತ್ತದೆ. ಸದ್ದು ಮಾಡಿ ಊಟ ಕೊಡದೇ ಇದ್ದರೆ ಕಲಿತದ್ದು ನಿಧಾನವಾಗಿ ಮಾಸುತ್ತದೆ.

ನಾವು ಚೈನ್ ಕೈಗೆತ್ತಿಕೊಂಡ ಕೂಡಲೇ ನಾಯಿ ಕುಣಿಯುವುದು ಇದೇ ಕಾರಣಕ್ಕೆ. ಹೆಸರು ಹಿಡಿದು ಹತ್ತಿರ ಕರೆದು ಪ್ರತಿ ಸಲ ಬೈದರೆ, ಹೊಡೆದರೆ? ಆ ಹೆಸರೇ ಪೆಟ್ಟಿನ ಸೂಚನೆಯಾಗುತ್ತದೆ. ಆಮೇಲೆ ಕರೆದರೂ ಬರುವುದಿಲ್ಲ. ನಾವು ಅದಕ್ಕೆ ಹಟಮಾರಿ ಎಂದು ಹೆಸರಿಡುತ್ತೇವೆ.

ಗೊಂದಲಕ್ಕೆ ಬಿದ್ದ ನಾಯಿ

ಇನ್ನೊಂದು ಪ್ರಯೋಗದಲ್ಲಿ ವೃತ್ತ ತೋರಿಸಿದರೆ ಊಟ, ಅಂಡಾಕಾರ ತೋರಿಸಿದರೆ ಇಲ್ಲ. ನಾಯಿ ಬೇಗ ಕಲಿಯಿತು. ಅಂಡಾಕಾರವನ್ನು ಸ್ವಲ್ಪ ಸ್ವಲ್ಪವೇ ದುಂಡಗೆ ಮಾಡುತ್ತಾ ಹೋದರು. ಎರಡನ್ನೂ ಬೇರೆ ಮಾಡಿ ನೋಡಲಾಗದ ಹಂತ ಬಂದಾಗ, ಶಾಂತವಾಗಿದ್ದ ನಾಯಿ ಅರಚಿತು, ಸಾಧನಗಳನ್ನು ಕಚ್ಚಿತು. ಮೊದಲು ಕಲಿತಿದ್ದ ಸುಲಭದ ವ್ಯತ್ಯಾಸವನ್ನೂ ಮರೆಯಿತು.

ಮನೆಯಲ್ಲಿ ಒಬ್ಬರು ಸೋಫಾ ಮೇಲೆ ಕೂರಿಸಿ ಮುದ್ದಿಸಿ, ಇನ್ನೊಬ್ಬರು ಅದೇ ತಪ್ಪಿಗೆ ಹೊಡೆದರೆ ನಾಯಿಗೆ ಏನನ್ನಿಸಬಹುದು? ಮನೆಮಂದಿಗೆಲ್ಲ ಒಂದೇ ನಿಯಮ ಇರಬೇಕು.

ಪ್ರವಾಹ ಬಿಟ್ಟುಹೋದ ಭಯ

1924ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಪ್ರವಾಹ ಬಂದು ನಾಯಿಗಳ ಗೂಡುಗಳಿಗೆ ನೀರು ನುಗ್ಗಿತು. ಕೊನೆ ಗಳಿಗೆಯಲ್ಲಿ ಅವನ್ನು ಉಳಿಸಿದರು. ಆದರೆ ಕೆಲವು ನಾಯಿಗಳು ಕಲಿತದ್ದನ್ನೇ ಕಳೆದುಕೊಂಡಿದ್ದವು. ಚೇತರಿಸಿಕೊಂಡ ಮೇಲೂ, ಬಾಗಿಲ ಕೆಳಗೆ ಸ್ವಲ್ಪ ನೀರು ಹರಿಸಿದರೆ ಹಳೆಯ ಭಯ ಮರಳುತ್ತಿತ್ತು.

ಪಟಾಕಿಗೆ ಹೆದರಿ ಮಂಚದಡಿ ಸೇರುವ ನಾಯಿಯನ್ನು ಗದರಬಾರದು ಎನ್ನುವುದು ಇದಕ್ಕೇ. ಹಬ್ಬಕ್ಕೆ ಕೆಲವು ವಾರ ಮೊದಲೇ ಪಟಾಕಿ ಸದ್ದಿನ ರೆಕಾರ್ಡಿಂಗನ್ನು ತೀರಾ ಸಣ್ಣಗೆ ಹಾಕಿ, ಜೊತೆಗೇ ಅದಕ್ಕೆ ಇಷ್ಟವಾದ ತಿಂಡಿ ಕೊಡಿ. ನಾಯಿ ಹೆದರದಿದ್ದರೆ ಮಾತ್ರ ದಿನದಿಂದ ದಿನಕ್ಕೆ ಸದ್ದು ಚೂರು ಏರಿಸಿ. ಸದ್ದಿಗೆ ಹೊಸ ಅರ್ಥ ಕಟ್ಟುವ ಈ ವಿಧಾನದ ಬೇರು ಪಾವ್ಲೋವ್ ಅವರ ಕೆಲಸದಲ್ಲಿದೆ.

ಪಾವ್ಲೋವ್ 1936ರಲ್ಲಿ, 86ನೇ ವಯಸ್ಸಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅದರ ಹಿಂದಿನ ವರ್ಷ ಅವರ ಸಂಸ್ಥೆಯ ಅಂಗಳದಲ್ಲಿ, ಅವರದೇ ಸಲಹೆಯಂತೆ, ನಾಯಿಯ ಸ್ಮಾರಕವೊಂದನ್ನು ನಿಲ್ಲಿಸಲಾಯಿತು.

ನೆನಪಿಡಿ: ಸಾಧುವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಗುರ್ ಎನ್ನತೊಡಗಿದರೆ, ಊಟ ಬಿಟ್ಟರೆ, ಅದಕ್ಕೆ ಎಲ್ಲೋ ನೋವಿರಬಹುದು. ಕೋಲು ಹುಡುಕುವ ಬದಲು ಪಶುವೈದ್ಯರಿಗೆ ತೋರಿಸಿ.