ಕ್ಯಾನಿನ ಮೇಲಿನ ಸ್ಟೋಕ್ಸ್

ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ವಾಪಸ್ ಬರುವಾಗ ತೂಬಗೆರೆಯಲ್ಲಿ ಟೀಗೆ ನಿಂತಿದ್ವಿ. ಪಕ್ಕದ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಹೈಡ್ರಾಲಿಕ್ ಆಯಿಲ್ ಕ್ಯಾನು, ಮೇಲೆ ದೊಡ್ಡದಾಗಿ 68. ಏನಣ್ಣ ಇದು ಅಂತ ಕೇಳಿದ್ವಿ. 46 ತೆಳು, 68 ಗಟ್ಟಿ, ಅಷ್ಟೇ ಅಂದರು ಮೆಕ್ಯಾನಿಕ್. ಅವರು ಹೇಳಿದ್ದು ಸರಿ. ಅದನ್ನೇ ಲ್ಯಾಬ್ ಭಾಷೆಯಲ್ಲಿ ಹೇಳಿದರೆ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಎಣ್ಣೆಯ ಕೈನೆಮ್ಯಾಟಿಕ್ ವಿಸ್ಕಾಸಿಟಿ ಸುಮಾರು 68 ಸೆಂಟಿಸ್ಟೋಕ್ಸ್. ನಾವು ವೈವಾದಲ್ಲಿ ಎಷ್ಟೋ ಸಲ ಉಚ್ಚರಿಸುವ ಈ ಹೆಸರಿನ ಮನುಷ್ಯ ಯಾರು ಅಂತ ಅವತ್ತು ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಹುಟ್ಟಿದ್ದು 1819ರ ಆಗಸ್ಟ್ 13ರಂದು, ಐರ್ಲೆಂಡಿನ ಸ್ಕ್ರೀನ್ ಎಂಬ ಹಳ್ಳಿಯಲ್ಲಿ. ಅಪ್ಪ ಅಲ್ಲಿನ ಚರ್ಚಿನ ಪಾದ್ರಿ, ಈತ ಮನೆಯ ಕೊನೇ ಮಗ. ಕೇಂಬ್ರಿಡ್ಜಿನ ಪೆಂಬ್ರೋಕ್ ಕಾಲೇಜಿಗೆ ಸೇರಿ 1841ರಲ್ಲಿ ಗಣಿತದಲ್ಲಿ ಇಡೀ ವಿಶ್ವವಿದ್ಯಾಲಯಕ್ಕೇ ಮೊದಲಿಗನಾಗಿ ಪಾಸಾದ. 1849ರಲ್ಲಿ, ಮೂವತ್ತು ತುಂಬುವಷ್ಟರಲ್ಲಿ, ಹಿಂದೆ ನ್ಯೂಟನ್ ಕೂತಿದ್ದ ಲುಕೇಸಿಯನ್ ಪೀಠ ಸಿಕ್ಕಿತು. ಸಾಯುವ ತನಕ, ಅಂದರೆ 54 ವರ್ಷ, ಅದನ್ನು ಬಿಡಲಿಲ್ಲ.

1845ರಲ್ಲಿ ಹರಿಯುವ ದ್ರವದ ಒಳಗಿನ ಘರ್ಷಣೆಗೆ ಸಮೀಕರಣ ಬರೆದ. ಫ್ರಾನ್ಸಿನ ನವಿಯೇ 1820ರ ದಶಕದಲ್ಲೇ ಬೇರೆ ದಾರಿಯಿಂದ ಅಲ್ಲಿಗೆ ಮುಟ್ಟಿದ್ದ. ಇಬ್ಬರ ಹೆಸರೂ ಸೇರಿ ನಮ್ಮ ಸೆಮಿಸ್ಟರ್ ಕೆಡಿಸುವ ನೇವಿಯರ್–ಸ್ಟೋಕ್ಸ್ ಆಯಿತು.

ನಮ್ಮ ಕ್ಯಾನಿಗೆ ಸಂಬಂಧಪಟ್ಟ ಕೆಲಸ ನಡೆದದ್ದು 1851ರಲ್ಲಿ. ಭೂಮಿಯ ಗುರುತ್ವ ಅಳೆಯಲು ಆಗ ಲೋಲಕ ತೂಗುತ್ತಿದ್ದರು. ಗಾಳಿ ಅದನ್ನು ಹಿಡಿದೆಳೆದು ಲೆಕ್ಕ ಕೆಡಿಸುತ್ತಿತ್ತು. (1865ರಿಂದ ನಮ್ಮ ದೇಶದ ಸರ್ವೆಯಲ್ಲಿ ಲೋಲಕ ತೂಗಿದ ಬಸೇವಿ ಎಂಬ ಅಧಿಕಾರಿ ಅದನ್ನು ಗಾಳಿ ತೆಗೆದ ಪೆಟ್ಟಿಗೆಯೊಳಗೆ ಇಡಬೇಕಾಯಿತು. 1871ರಲ್ಲಿ ಲಡಾಖಿನಲ್ಲಿ ಅದೇ ಕೆಲಸದ ಮೇಲಿದ್ದಾಗ ತೀರಿಕೊಂಡ.) ಆ ಎಳೆತವನ್ನು ಲೆಕ್ಕ ಹಾಕುವಾಗ ವಿಸ್ಕಾಸಿಟಿಯನ್ನು ಸಾಂದ್ರತೆಯಿಂದ ಭಾಗಿಸಿದ ಪ್ರಮಾಣವೇ ಮತ್ತೆ ಮತ್ತೆ ಬರುತ್ತೆ ಅಂತ ಸ್ಟೋಕ್ಸ್ ಕಂಡುಕೊಂಡು, ಅದಕ್ಕೆ ಬೇರೆಯೇ ಹೆಸರು, ಬೇರೆಯೇ ಚಿಹ್ನೆ ಕೊಟ್ಟ. ಇವತ್ತಿನ ಕೈನೆಮ್ಯಾಟಿಕ್ ವಿಸ್ಕಾಸಿಟಿ ಅದೇ. ತಮಾಷೆ ಅಂದರೆ ಸ್ಟೋಕ್ಸ್ ಲೆಕ್ಕ ಮಾಡಿದ್ದು ಸ್ಟೋಕ್ಸ್‌ನಲ್ಲಿ ಅಲ್ಲ, ಇಂಚು–ಸೆಕೆಂಡಿನಲ್ಲಿ! ಸೆಕೆಂಡಿಗೆ 1 ಚದರ ಇಂಚು ಅಂದರೆ 645.16 ಸೆಂಟಿಸ್ಟೋಕ್ಸ್.

ಅದೇ ಪ್ರಬಂಧದಲ್ಲಿ ಇನ್ನೊಂದು ಧೈರ್ಯ ಮಾಡಿದ. ಸಣ್ಣ ಗುಂಡು ನಿಧಾನಕ್ಕೆ ಚಲಿಸುವಾಗ ಇನರ್ಷಿಯಾದ ಪಾಲು ಲೆಕ್ಕಕ್ಕೇ ಬಾರದಷ್ಟು ಚಿಕ್ಕದು ಅಂತ ಅದನ್ನು ಬಿಟ್ಟೇಬಿಟ್ಟ. ಉಳಿದದ್ದು ಸ್ಟೋಕ್ಸ್ ನಿಯಮ. ಮೋಡದ ಹನಿಗಳು ದೊಪ್ಪನೆ ಬೀಳದೆ ಯಾಕೆ ತೇಲಿದಂತಿರುತ್ತವೆ ಅನ್ನೋದಕ್ಕೂ ಅದರಲ್ಲೇ ಉತ್ತರ ಸಿಕ್ಕಿತು.

ರೆಡ್‌ವುಡ್ ವಿಸ್ಕೋಮೀಟರ್ ಮುಂದೆ ಸ್ಟಾಪ್‌ವಾಚ್ ಹಿಡಿದು ನಿಂತವರಿಗೆ ಇದು ಬೇಗ ಅರ್ಥ ಆಗುತ್ತೆ. ಅಲ್ಲಿ ಸಿಗೋದು 50 ಮಿಲಿ ಎಣ್ಣೆ ಇಳಿಯಲು ಬೇಕಾದ ಸೆಕೆಂಡು ಮಾತ್ರ. ಸಮಯ 100 ಸೆಕೆಂಡು ದಾಟಿದರೆ, 0.247 × ಸಮಯ − 50 ÷ ಸಮಯ. ಅದಕ್ಕಿಂತ ಕಡಿಮೆ ಇದ್ದರೆ, 0.26 × ಸಮಯ − 179 ÷ ಸಮಯ. ತೆಳು ಎಣ್ಣೆ 40 ಸೆಕೆಂಡಿಗೆ ಇಳಿದರೆ 10.4ರಲ್ಲಿ 4.5 ಕಳೆದು 5.9 ಸೆಂಟಿಸ್ಟೋಕ್ಸ್, ಹತ್ತಿರ ಹತ್ತಿರ ಅರ್ಧ ಹೋಯಿತು! ಗಟ್ಟಿ ಎಣ್ಣೆ 400 ಸೆಕೆಂಡು ತಗೊಂಡರೆ 98.8ರಲ್ಲಿ ಕಳೆಯೋದು ಬರೀ 0.125. ಉತ್ತರ 98.7. ಕಳೆಯುವ ಆ ಎರಡನೇ ಭಾಗ ಎಣ್ಣೆ ತೂತಿನಿಂದ ಹೊರಬರುವ ವೇಗಕ್ಕೆ ಖರ್ಚಾಗುವ ಶಕ್ತಿಯ ಲೆಕ್ಕ. ಗಟ್ಟಿ ಎಣ್ಣೆಗೆ ಆ ವೇಗವೇ ಇಲ್ಲ. ಸ್ಟೋಕ್ಸ್ ಬಿಟ್ಟ ಪದ ನಮ್ಮ ರೆಕಾರ್ಡ್ ಬುಕ್ಕಲ್ಲಿ ತಾನಾಗೇ ಕರಗುತ್ತೆ. ಸೇಬೋಲ್ಟ್ ಸೆಕೆಂಡಿಗೂ ಇದೇ ಕಥೆ: ಗಟ್ಟಿ ಎಣ್ಣೆಯಾದರೆ, ಅದೇ ಉಷ್ಣತೆಯಲ್ಲಿ, ಸೆಂಟಿಸ್ಟೋಕ್ಸನ್ನು ಸುಮಾರು 4.63ರಿಂದ ಗುಣಿಸಿದರೆ ಸಾಕು, 98.7ಕ್ಕೆ ಸುಮಾರು 457 ಸೆಕೆಂಡು. ತೆಳು ಎಣ್ಣೆಗೆ ಈ ಶಾರ್ಟ್‌ಕಟ್ ಹಾಕಿದವರಿಗೆ ಮಾರ್ಕ್ಸ್ ಹೋಗಿರೋದು ನಮಗೆ ಗೊತ್ತು.

ಇಷ್ಟೆಲ್ಲ ಮಾಡಿದವನ ಬದುಕು ಸಲೀಸಾಗಿರಲಿಲ್ಲ. ಪೀಠದ ಸಂಬಳ ಸಾಲದೆ ಲಂಡನ್ನಿನ ಗಣಿ ಶಾಲೆಯಲ್ಲೂ ಪಾಠ ಹೇಳಿದ. ಕಾಲೇಜಿನ ಫೆಲೋಗಳು ಮದುವೆಯಾಗುವಂತಿರಲಿಲ್ಲ. 1857ರಲ್ಲಿ ಖಗೋಳ ವಿಜ್ಞಾನಿ ರಾಬಿನ್ಸನ್‌ನ ಮಗಳು ಮೇರಿಯನ್ನು ಮದುವೆಯಾಗಿ ಫೆಲೋಷಿಪ್ ಕಳಕೊಂಡ. ನಿಯಮ ಬದಲಾಗಿ ಅದು ವಾಪಸ್ ಸಿಗಲು 12 ವರ್ಷ ಬೇಕಾಯಿತು.

ಸಿವಿಲ್‌ನವರಿಗೂ ಈತ ನೆಂಟನೇ. 1847ರಲ್ಲಿ ಡೀ ನದಿಯ ರೈಲು ಸೇತುವೆ ಮುರಿದು ಜನ ಸತ್ತ ಮೇಲೆ, ಓಡುವ ರೈಲಿನ ಭಾರಕ್ಕೆ ತೊಲೆ ಹೇಗೆ ಬಾಗುತ್ತೆ ಅಂತ ಲೆಕ್ಕ ಬಿಡಿಸಿದ. 1879ರಲ್ಲಿ ಟೇ ಸೇತುವೆ ಬಿರುಗಾಳಿಗೆ ಬಿದ್ದಾಗ ಗಾಳಿಯ ಒತ್ತಡ ಪರಿಶೀಲಿಸಿದ ಸಮಿತಿಯಲ್ಲೂ ಇದ್ದ.

1854ರಿಂದ 1885ರವರೆಗೆ, 31 ವರ್ಷ, ರಾಯಲ್ ಸೊಸೈಟಿಯ ಕಾರ್ಯದರ್ಶಿ. ಬಂದ ಪ್ರಬಂಧಗಳನ್ನು ಓದೋದು, ತಪ್ಪು ತಿದ್ದೋದು, ಪುಟಗಟ್ಟಲೆ ಪತ್ರ ಬರೆಯೋದು. ಅದರಲ್ಲಿ ತನ್ನ ಸಂಶೋಧನೆ ಸೊರಗಿತು. ಸೂರ್ಯನ ಬೆಳಕಿನ ಕಪ್ಪು ಗೆರೆಗಳ ಕಾರಣವನ್ನು ಗೆಳೆಯ ಥಾಮ್ಸನ್‌ಗೆ ಮಾತಿನಲ್ಲೇ ವಿವರಿಸಿದ್ದ, ಪ್ರಕಟಿಸಲಿಲ್ಲ. ಮುಂದೆ ಕಿರ್ಕಾಫ್ ಪ್ರಕಟಿಸಿ ಹೆಸರು ಮಾಡಿದಾಗ ನನ್ನದು ಅಂತ ಜಗಳಕ್ಕೂ ಹೋಗಲಿಲ್ಲ. ಇದು ದೊಡ್ಡತನವೋ, ಬರೆದು ಮುಗಿಸದ ಸೋಮಾರಿತನವೋ ಅಂತ ನಮ್ಮಲ್ಲಿ ಇನ್ನೂ ವಾದ ಇದೆ. 31 ವರ್ಷ ಬೇರೆಯವರ ಪ್ರಬಂಧ ತಿದ್ದಿದವನನ್ನು ಸೋಮಾರಿ ಅನ್ನಲು ನಮ್ಮಲ್ಲಿ ಹೆಚ್ಚಿನವರಿಗೆ ಬಾಯಿ ಬರುತ್ತಿಲ್ಲ.

1903ರ ಫೆಬ್ರವರಿ 1ರಂದು ಕೇಂಬ್ರಿಡ್ಜಿನಲ್ಲೇ ತೀರಿಕೊಂಡ. ಸ್ಟೋಕ್ಸ್ ಎಂಬ ಮಾನ ಎಸ್‌ಐ ಪದ್ಧತಿಗೆ ಸೇರಿದ್ದಲ್ಲ, ಆದ್ದರಿಂದ ಈಗಿನ ಡೇಟಾ ಶೀಟುಗಳಲ್ಲಿ ಸೆಕೆಂಡಿಗೆ ಚದರ ಮಿಲಿಮೀಟರ್ ಅಂತ ಬರೆಯೋದೇ ಹೆಚ್ಚು. 1 ಸೆಂಟಿಸ್ಟೋಕ್ಸ್ ಅಂದರೂ ಅಷ್ಟೇ. ತೂಬಗೆರೆಯ ಆ ಕ್ಯಾನಿನ 68 ಎರಡರಲ್ಲೂ 68.