ಗಾಳಿಯಿಂದ ಗೊಬ್ಬರ ತೆಗೆದ ಹೇಬರ್

ಪಿಯುಸಿ ಕೆಮಿಸ್ಟ್ರಿಯಲ್ಲಿ ನಾವೆಲ್ಲ ಹೇಬರ್ ಪ್ರಾಸೆಸ್ ಬಾಯಿಪಾಠ ಮಾಡಿದ್ದೀವಿ. ಕ್ಯಾಟಲಿಸ್ಟ್ ಕಬ್ಬಿಣ, ಪ್ರೆಶರ್ 200 ಅಟ್ಮಾಸ್ಫಿಯರ್. ಆದರೆ ಈ ಹೇಬರ್ ಯಾರು ಅಂತ ಯಾವ ಗೈಡೂ ನಮಗೆ ಹೇಳಲಿಲ್ಲ.

ಫ್ರಿಟ್ಜ್ ಹೇಬರ್ ಹುಟ್ಟಿದ್ದು 1868ರಲ್ಲಿ, ಪ್ರಷ್ಯಾದ ಬ್ರೆಸ್ಲಾವ್ ಊರಿನ ಯಹೂದಿ ಮನೆಯಲ್ಲಿ. ಆ ಕಾಲಕ್ಕೆ ಯುರೋಪಿನ ಹೊಲಗಳಿಗೆ ನೈಟ್ರೇಟ್ ದೂರದ ಚಿಲಿಯಿಂದ ಹಡಗಿನಲ್ಲಿ ಬರಬೇಕಿತ್ತು. ಗಾಳಿಯಲ್ಲಿ 78 ಪರ್ಸೆಂಟ್ ನೈಟ್ರೋಜನ್ ಇದ್ದರೂ ಬೆಳೆಗೆ ನೇರವಾಗಿ ಸಿಗಲ್ಲ, ಅದರ ಟ್ರಿಪಲ್ ಬಾಂಡ್ ಅಷ್ಟು ಗಟ್ಟಿ. 1909ರಲ್ಲಿ ಕಾರ್ಲ್ಸ್‌ರೂಹೆಯ ಲ್ಯಾಬಿನಲ್ಲಿ ಹೇಬರ್ ಅದನ್ನು ಒಡೆದು, ತೊಟ್ಟು ತೊಟ್ಟಾಗಿ ಅಮೋನಿಯ ಇಳಿಸಿ ತೋರಿಸಿದರು. ಅದನ್ನು ಕಾರ್ಖಾನೆಗೆ ತಂದವರು ಕಾರ್ಲ್ ಬಾಷ್. (ಮೆಕ್ಯಾನಿಕಲ್‌ನವರೇ, ಸ್ಪಾರ್ಕ್ ಪ್ಲಗ್ ಬಾಷ್ ಇವರಲ್ಲ, ಇವರ ಚಿಕ್ಕಪ್ಪ!) 1913ರಲ್ಲಿ ಒಪ್ಪೌ ಪ್ಲಾಂಟ್ ಶುರುವಾಯ್ತು. ಇವತ್ತು ಜಗತ್ತಿನ ಸುಮಾರು ಅರ್ಧ ಜನರ ಊಟ ಈ ಗೊಬ್ಬರದ ಮೇಲೆ ನಿಂತಿದೆ ಅಂತ ಅಂದಾಜು.

ಕಥೆ ಇಲ್ಲಿಗೇ ನಿಂತಿದ್ರೆ ಚೆನ್ನಾಗಿರ್ತಿತ್ತು. ಮೊದಲ ಮಹಾಯುದ್ಧ ಬಂತು, ಅದೇ ಅಮೋನಿಯ ಸಿಡಿಮದ್ದಾಯಿತು. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಹೇಬರ್ ತಾವೇ ಮುಂದೆ ನಿಂತು ಶತ್ರುಗಳ ಮೇಲೆ ಕ್ಲೋರಿನ್ ಬಿಡಿಸಿದರು. ಕೆಲವೇ ದಿನಗಳಲ್ಲಿ ಹೆಂಡತಿ ಕ್ಲಾರಾ, ಅವರೂ ಕೆಮಿಸ್ಟ್ರಿಯಲ್ಲಿ ಡಾಕ್ಟರೇಟ್ ಪಡೆದವರು, ಗಂಡನ ಪಿಸ್ತೂಲಿನಿಂದ ಗುಂಡು ಹೊಡ್ಕೊಂಡರು. ಹೇಬರ್ ಮತ್ತೆ ಯುದ್ಧಭೂಮಿಗೆ ಹೊರಟರು. ಇದನ್ನು ದೇಶಭಕ್ತಿ ಅನ್ನೋಕೆ ನಮಗಂತೂ ಬಾಯಿ ಬರಲ್ಲ. ಅಮೋನಿಯಕ್ಕಾಗಿ 1918ರ ನೊಬೆಲ್ ಕೂಡ ಸಿಕ್ಕಿತು.

1933ರಲ್ಲಿ ಹಿಟ್ಲರ್ ಸರ್ಕಾರ, ಸಂಸ್ಥೆಯ ಯಹೂದಿಗಳನ್ನು ಕೆಲಸದಿಂದ ತೆಗೀಬೇಕು ಅಂತು. ಹೇಬರ್ ರಾಜೀನಾಮೆ ಕೊಟ್ಟು ದೇಶ ಬಿಟ್ಟರು. 1934ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತೀರಿಕೊಂಡರು. ಅವರ ಕೋರಿಕೆಯಂತೆ ಕ್ಲಾರಾ ಅವರ ಚಿತಾಭಸ್ಮವನ್ನೂ ಅಲ್ಲಿಗೇ ತಂದು ಪಕ್ಕದಲ್ಲಿಟ್ಟರು.