ಹಾಲಿನಲ್ಲಿ ಅಡಗಿದ ಹಗೆ

ಹಾಲು ಎಳೆಯರಿಗೂ ವೃದ್ಧರಿಗೂ ರೋಗಿಗಳಿಗೂ ಒಗ್ಗುವ ಆಹಾರ. ಕರೆದೊಡನೆ ಕುಡಿಯುವ ನೊರೆಹಾಲು ಎಲ್ಲಕ್ಕಿಂತ ಶುದ್ಧವಾದುದೆಂಬ ನಂಬಿಕೆ ಅನೇಕ ದೇಶಗಳಲ್ಲಿ ಬೇರೂರಿತ್ತು. ಅಂತಹ ಹಸಿಹಾಲಿನಲ್ಲಿಯೂ ಮನುಷ್ಯನನ್ನು ವರ್ಷಗಟ್ಟಲೆ ನರಳಿಸುವ ರೋಗಾಣು ಇರಬಹುದೆಂದು ತೋರಿಸಿಕೊಟ್ಟವರು ಅಮೆರಿಕದ ವಿಜ್ಞಾನಿ ಆಲಿಸ್ ಇವಾನ್ಸ್.

ಆಲಿಸ್ 1881ರ ಜನವರಿ 29ರಂದು ಪೆನ್ಸಿಲ್ವೇನಿಯ ರಾಜ್ಯದ ನೀತ್ ಎಂಬಲ್ಲಿ ರೈತ ಕುಟುಂಬವೊಂದರಲ್ಲಿ ಜನಿಸಿದರು. ಕಾಲೇಜಿಗೆ ಸೇರಲು ಹಣವಿಲ್ಲದೆ ನಾಲ್ಕು ವರ್ಷಗಳ ಕಾಲ ಉಪಾಧ್ಯಾಯಿನಿಯಾಗಿ ದುಡಿದರು. ಕಾರ್ನೆಲ್ ವಿಶ್ವವಿದ್ಯಾನಿಲಯವು ಹಳ್ಳಿಯ ಉಪಾಧ್ಯಾಯರಿಗಾಗಿ ನಡೆಸುತ್ತಿದ್ದ ಪ್ರಕೃತಿ ಅಧ್ಯಯನದ ಉಚಿತ ತರಗತಿ ಅವರ ಬಾಳಿನ ದಿಕ್ಕನ್ನೇ ಬದಲಿಸಿತು. 1909ರಲ್ಲಿ ಅಲ್ಲಿಯೇ ಬ್ಯಾಕ್ಟೀರಿಯಾ ವಿಜ್ಞಾನದಲ್ಲಿ ಪದವಿ ಪಡೆದರು; ಮರುವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪದವಿಯೂ ದೊರೆಯಿತು. ಬಳಿಕ ಸರ್ಕಾರದ ಕೃಷಿ ಇಲಾಖೆಯ ಹೈನುಗಾರಿಕೆ ವಿಭಾಗವನ್ನು ಸೇರಿ, 1913ರಲ್ಲಿ ವಾಷಿಂಗ್ಟನ್ನಿನ ಪ್ರಯೋಗಾಲಯಕ್ಕೆ ಬಂದರು.

ಆಗಿನ್ನೂ ಎರಡು ರೋಗಗಳನ್ನು ಬೇರೆಬೇರೆಯೆಂದೇ ಎಣಿಸಲಾಗಿತ್ತು. ಮಾಲ್ಟಾ ದ್ವೀಪದಲ್ಲಿ ಮನುಷ್ಯರನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು 1887ರಲ್ಲಿ ಡೇವಿಡ್ ಬ್ರೂಸ್ ಕಂಡುಹಿಡಿದಿದ್ದರು. ಅದು ಆಡಿನ ಹಾಲಿನಿಂದ ಹರಡುವುದೆಂಬುದು ಆಮೇಲೆ ತಿಳಿದುಬಂದಿತ್ತು. ಹಸುಗಳು ಕಂದು ಹಾಕುವ ರೋಗದ ಅಣುವನ್ನು 1897ರಲ್ಲಿ ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ ಗುರುತಿಸಿದ್ದರು. ಮೊದಲನೆಯದನ್ನು ಗುಂಡಗಿನ ಜೀವಿಯೆಂದೂ ಎರಡನೆಯದನ್ನು ಕಡ್ಡಿಯಾಕಾರದ ಜೀವಿಯೆಂದೂ ವಿಂಗಡಿಸಿದ್ದುದರಿಂದ, ಇವೆರಡನ್ನೂ ಅಕ್ಕಪಕ್ಕದಲ್ಲಿರಿಸಿ ನೋಡಬೇಕೆಂದು ಯಾರಿಗೂ ತೋರಿರಲಿಲ್ಲ. ಆಲಿಸ್ ಹಾಗೆ ನೋಡಿದರು. ಎರಡೂ ಅತಿ ಸಮೀಪದ ಸಂಬಂಧಿಗಳೆಂಬುದು ಅವರಿಗೆ ಸ್ಪಷ್ಟವಾಯಿತು. ನೋಟಕ್ಕೆ ಆರೋಗ್ಯವಾಗಿರುವ ಹಸುವಿನ ಹಾಲಿನಲ್ಲಿಯೂ ಈ ಜೀವಿ ಇರಬಲ್ಲುದು. ಹಾಗಾದರೆ ಅದನ್ನು ಹಸಿಯಾಗಿ ಕುಡಿದವರ ಗತಿಯೇನು?

1917ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಅವರು ತಮ್ಮ ಶೋಧವನ್ನು ಮಂಡಿಸಿದರು. ಮರುವರ್ಷ ಅದು ಪ್ರಕಟವಾಯಿತು. ಆದರೆ ಹೆಚ್ಚಿನವರು ಅದನ್ನು ನಂಬಲಿಲ್ಲ. ಥಿಯೊಬಾಲ್ಡ್ ಸ್ಮಿತ್‌ರಂತಹ ಹಿರಿಯ ವಿಜ್ಞಾನಿಯೇ ಸಂದೇಹ ವ್ಯಕ್ತಪಡಿಸಿದರು. ಇದು ನಿಜವಾಗಿದ್ದರೆ ವೈದ್ಯರ ಕಣ್ಣಿಗೆ ಈವರೆಗೆ ಏಕೆ ಬೀಳಲಿಲ್ಲವೆಂಬ ಪ್ರಶ್ನೆ ಎದ್ದಿತು. ಡಾಕ್ಟರೇಟ್ ಇಲ್ಲದ ಹೆಂಗಸಿನ ಮಾತೆಂಬ ತಾತ್ಸಾರವೂ ಅದರೊಡನೆ ಬೆರೆತಿತ್ತು. ವಾಸ್ತವವಾಗಿ ರೋಗಿಗಳಿಗೆ ಕೊರತೆಯಿರಲಿಲ್ಲ. ಏರಿಳಿಯುವ ಜ್ವರ, ಬೆವರು, ಕೀಲುನೋವುಗಳನ್ನು ಕಂಡ ವೈದ್ಯರು ಅದನ್ನು ವಿಷಮಶೀತಜ್ವರವೆಂದೋ ಮಲೇರಿಯವೆಂದೋ ತಿಳಿಯುತ್ತಿದ್ದರು.

1918ರಲ್ಲಿ ಆಲಿಸ್ ಸರ್ಕಾರದ ಆರೋಗ್ಯ ಸಂಶೋಧನಾಲಯಕ್ಕೆ ಸೇರಿದರು. 1922ರಲ್ಲಿ, ತಾವು ಅಭ್ಯಸಿಸುತ್ತಿದ್ದ ರೋಗವೇ ಅವರಿಗೆ ತಗುಲಿತು. ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಅದು ಮರಳಿ ಮರಳಿ ಕಾಡಿತು. ನಡುವೆ ಜ್ವರ ಇಳಿದಾಗ, ಇದು ನರಗಳ ದೌರ್ಬಲ್ಯ, ಕೇವಲ ಮನಸ್ಸಿನ ಕಲ್ಪನೆ ಎಂದು ಎಣಿಸಿದ ವೈದ್ಯರೂ ಇದ್ದರು. ರೋಗವನ್ನು ಬೆಳಕಿಗೆ ತಂದವರ ರೋಗವನ್ನೇ ನಂಬದಂತಹ ವಿಪರ್ಯಾಸವಿದು! ಆದರೂ ಅವರು ಕೆಲಸ ಬಿಡಲಿಲ್ಲ.

ಸತ್ಯವು ನಿಧಾನವಾಗಿ ಗೆದ್ದಿತು. 1920ರಲ್ಲಿ ಕ್ಯಾಲಿಫೋರ್ನಿಯದ ಕಾರ್ಲ್ ಮೇಯರ್ ಮತ್ತು ಸಂಗಡಿಗರು ಆಲಿಸರ ಶೋಧವನ್ನು ಸಮರ್ಥಿಸಿದರು. ಈ ಜೀವಿಗಳ ಕುಲಕ್ಕೆ ಬ್ರೂಸ್‌ರ ಗೌರವಾರ್ಥವಾಗಿ ಬ್ರೂಸೆಲ್ಲ ಎಂದು ಹೆಸರಾಯಿತು. ಬೇರೆ ದೇಶಗಳಿಂದಲೂ ಸಾಕ್ಷ್ಯಗಳು ಬಂದವು. 1928ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ವಿಜ್ಞಾನಿಗಳ ಸಂಘವು ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆ ಸ್ಥಾನವನ್ನೇರಿದ ಮೊದಲ ಮಹಿಳೆ ಅವರೇ. 63 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸಿದರೆ ಈ ರೋಗಾಣು ಸಾಯುತ್ತದೆ. ಹಾಲನ್ನು ಹೀಗೆ ಪಾಶ್ಚರೀಕರಿಸುವ ಪದ್ಧತಿಯು 1930ರ ದಶಕದಲ್ಲಿ ಅಮೆರಿಕದಲ್ಲಿ ವ್ಯಾಪಕವಾಯಿತು.

1945ರಲ್ಲಿ ನಿವೃತ್ತರಾದ ಆಲಿಸ್ ಇವಾನ್ಸ್, 1975ರ ಸೆಪ್ಟೆಂಬರ್ 5ರಂದು ತಮ್ಮ 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ಬ್ರೂಸೆಲ್ಲ ರೋಗವು ಭಾರತದ ದನಕರುಗಳಲ್ಲಿಯೂ ಉಂಟು. ನಮ್ಮ ತಾಯಂದಿರು ಹಾಲನ್ನು ಉಕ್ಕುವವರೆಗೆ ಕಾಯಿಸಿಯೇ ಮಕ್ಕಳಿಗೆ ಕೊಡುವ ವಾಡಿಕೆಯ ಬೆಲೆ ಎಷ್ಟೆಂಬುದನ್ನು ಈ ತಾಳ್ಮೆಯ ಸಾಧಕಿಯ ಬದುಕು ನಮಗೆ ತಿಳಿಸಿಕೊಡುತ್ತದೆ.